ಮುಳುಗಡೆಯ ಕಥೆ ಮಕ್ಕಳಿಗೇಕೆ?

ಮಳೆಗಾಲದಲ್ಲಿ ಶೆಟ್ಟಿಹಳ್ಳಿಯ ಪಾಳು ಚರ್ಚು ಅರ್ಧ ನೀರಿನಲ್ಲಿ ನಿಲ್ಲುವುದನ್ನು ನೋಡಿದ್ದೀರಲ್ಲ? ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಅಲ್ಲಿನ ಜನ ಊರು ಬಿಟ್ಟರು. ಆ ಮನೆಗಳ ಮಕ್ಕಳಿಗೆ ಏನನ್ನಿಸಿತ್ತು?

ಮುಳುಗಡೆಯ ನೋವನ್ನು ಶರಾವತಿ ಸೀಮೆಯಿಂದ ಬರೆದವರು ನಾ. ಡಿಸೋಜ. 1937ರಲ್ಲಿ ಸಾಗರದಲ್ಲಿ ಹುಟ್ಟಿ, ಲೋಕೋಪಯೋಗಿ ಇಲಾಖೆಯಲ್ಲಿ ದುಡಿದವರು. ದೊಡ್ಡವರಿಗೆ ‘ದ್ವೀಪ’ ಬರೆದರು. ಮಕ್ಕಳಿಂದಲೂ ಆ ಸಂಗತಿಯನ್ನು ಮುಚ್ಚಿಡಲಿಲ್ಲ. ‘ಮುಳುಗಡೆಯ ಊರಿಗೆ ಬಂದವರು’ ಎಂಬ ಮಕ್ಕಳ ಕಾದಂಬರಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. 2025ರ ಜನವರಿಯಲ್ಲಿ ಅವರು ತೀರಿಕೊಂಡರು.

ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಗದ್ದೆಗಳಿಗೆ ಹರಿಯುವ ಹೇಮಾವತಿಯ ನೀರಿನ ಹಿಂದೆಯೂ ಊರು ಕಳೆದುಕೊಂಡವರಿದ್ದಾರೆ. ಅವರ ಕಥೆಯನ್ನು ನಮ್ಮ ಮಕ್ಕಳಿಗೆ ಹೇಳುವವರು ಯಾರು?