ದಾಂಡಿನಲ್ಲಿ ಅಳೆದ ಬಯಲು

ನನ್ನ ಬಾಲ್ಯದ ಕೆಂಗೇರಿ ಹಳ್ಳಿಯೇ ಆಗಿತ್ತು. ರಾಗಿ ಕೊಯ್ಲು ಮುಗಿದು ಹೊಲಗಳು ಬಯಲಾದೊಡನೆ ಚಿನ್ನಿದಾಂಡು ಆರಂಭ. ಎರಡು ತುದಿಯೂ ಚೂಪಾದ ಚಿನ್ನಿಯ ಮೂತಿಗೆ ದಾಂಡಿನಿಂದ ತಟ್ಟಿ, ಅದು ಮೇಲೆದ್ದೊಡನೆ ಬೀಸಿ ಹೊಡೆಯುವುದು. ಬಿದ್ದಲ್ಲಿಂದ ಗುಳಿಯವರೆಗಿನ ದೂರವನ್ನು ಅದೇ ದಾಂಡಿನಿಂದ ಅಳೆಯುವುದು. ಅಲ್ಲಿ ತೀರ್ಪುಗಾರನಿರಲಿಲ್ಲ, ಸಂಶಯ ಬಂದರೆ ಎದುರು ಪಕ್ಷದವರೇ ಮರಳಿ ಅಳೆಯುತ್ತಿದ್ದರು. ಒಮ್ಮೆ ನಾನು ಎರಡು ದಾಂಡು ಹೆಚ್ಚಿಗೆ ಎಣಿಸಿ ಸಿಕ್ಕಿಬಿದ್ದೆ. ಮೂರು ದಿನ ಯಾವ ಪಕ್ಷವೂ ನನ್ನನ್ನು ಸೇರಿಸಿಕೊಳ್ಳಲಿಲ್ಲ. ನ್ಯಾಯದ ಮೊದಲ ಪಾಠವನ್ನು ನಾನು ಕಲಿತದ್ದು ಆ ಬಯಲಿನಲ್ಲಿ.

2007ರಲ್ಲಿ ಕೆಂಗೇರಿ ಮಹಾನಗರ ಪಾಲಿಕೆಗೆ ಸೇರಿತು, 2021ರಲ್ಲಿ ಮೆಟ್ರೋ ಬಂದಿತು. ಹೊಲಗಳು ಅಡಿಗಳ ಲೆಕ್ಕದಲ್ಲಿ ನಿವೇಶನಗಳಾದವು. ಮೊಮ್ಮಗನಿಗೆ ದಾಂಡನ್ನೇನೋ ಕೆತ್ತಿಕೊಟ್ಟಿದ್ದೇನೆ. ಗುಳಿ ತೋಡಲು ಒಂದು ಗೇಣು ನೆಲಕ್ಕಾಗಿ ಇಬ್ಬರೂ ಅಲೆಯುತ್ತಿದ್ದೇವೆ.