ಗಾಯಾಳುವಿನ ಜಾತಿ ಕೇಳದ ಕರುಣೆ
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಹಜ್ರತ್ ಈಸಾ (ಅ.ಸ.) ಅವರು ಅಲ್ಲಾಹನ ಅಪ್ಪಣೆಯಿಂದ ಹುಟ್ಟುಕುರುಡರನ್ನೂ ಕುಷ್ಠರೋಗಿಗಳನ್ನೂ ಗುಣಪಡಿಸಿದರೆಂದು ನಮ್ಮ ಕುರ್‌ಆನ್ ಹೇಳುತ್ತದೆ. ಕ್ರೈಸ್ತರ ಇಂಜೀಲಿನ ಲೂಕನ ಭಾಗದಲ್ಲಿ ಅವರು ಹೇಳಿದ ಒಂದು ಕಥೆಯಿದೆ. ಜೆರುಸಲೇಮಿನಿಂದ ಜೆರಿಕೋವಿಗೆ ಹೊರಟ ಒಬ್ಬನನ್ನು ದರೋಡೆಕೋರರು ಹೊಡೆದು ದಾರಿಯಲ್ಲಿ ಬಿಟ್ಟುಹೋದರು. ಆ ದಾರಿಯಲ್ಲಿ ಬಂದ ಪುರೋಹಿತ ನೋಡಿಯೂ ಮುಂದೆ ಹೋದ. ದೇವಾಲಯದ ಸೇವಕನೂ ಹೋದ. ಮೂರನೆಯವನು ಸಮಾರ್ಯದವನು, ಯೆಹೂದ್ಯರಿಗೆ ಆಗದ ಜನಾಂಗದವನು. ಅವನೇ ಗಾಯಕ್ಕೆ ಎಣ್ಣೆ ಹಾಕಿ ಕಟ್ಟಿ, ತನ್ನ ವಾಹನದ ಮೇಲೆ ಕೂರಿಸಿ, ಛತ್ರಕ್ಕೆ ಕರೆದೊಯ್ದು ಖರ್ಚನ್ನೂ ಕೊಟ್ಟ. ‘ನನ್ನ ನೆರೆಯವನು ಯಾರು?’ ಎಂದು ಕೇಳಿದವನಿಗೆ ಸಿಕ್ಕ ಉತ್ತರ ಈ ಕಥೆ.

ಈ ಬೋಧನೆಯನ್ನು ಬದುಕಿನಲ್ಲಿ ತಂದವರಲ್ಲಿ ಡಾ. ಐಡಾ ಸ್ಕಡರ್ ಒಬ್ಬರು. 1890ರ ದಶಕದಲ್ಲಿ, ಇನ್ನೂ ವೈದ್ಯೆಯಾಗದಿದ್ದ ಕಾಲಕ್ಕೆ, ಅವರು ತಮಿಳುನಾಡಿನ ತಿಂಡಿವನದಲ್ಲಿ ತಂದೆ ತಾಯಿಯ ಜೊತೆಗಿದ್ದರು. ಒಂದೇ ರಾತ್ರಿ ಮೂವರು ಬಂದು ಬಾಗಿಲು ತಟ್ಟಿದರು. ಒಬ್ಬ ಬ್ರಾಹ್ಮಣ, ಒಬ್ಬ ಮುಸಲ್ಮಾನ, ಇನ್ನೊಬ್ಬ ಹಿಂದೂ. ಮೂವರ ಹೆಂಡತಿಯರೂ ಹೆರಿಗೆಯ ಕಷ್ಟದಲ್ಲಿದ್ದರು. ‘ನನ್ನ ತಂದೆ ವೈದ್ಯರು, ಕಳುಹಿಸುತ್ತೇನೆ’ ಎಂದರೂ, ಗಂಡಸು ಬೇಡವೆಂದು ಮೂವರೂ ಹಿಂತಿರುಗಿದರು. ಬೆಳಗಾಗುವಷ್ಟರಲ್ಲಿ ಮೂವರು ಹೆಣ್ಣುಮಕ್ಕಳೂ ತೀರಿಕೊಂಡಿದ್ದರು.

ಭಾರತದಲ್ಲಿ ನೆಲೆಸುವ ಮನಸ್ಸೇ ಇಲ್ಲದಿದ್ದ ಆ ಯುವತಿ ಅಮೆರಿಕಕ್ಕೆ ಹೋಗಿ 1899ರಲ್ಲಿ ವೈದ್ಯೆಯಾದರು. 1900ರಲ್ಲಿ ವೆಲ್ಲೂರಿನಲ್ಲಿ ಒಂದೇ ಹಾಸಿಗೆಯ ಚಿಕಿತ್ಸಾಲಯ ತೆರೆದರು. 1909ರಲ್ಲಿ ದಾದಿಯರಿಗೆ, 1918ರಲ್ಲಿ ಮಹಿಳಾ ವೈದ್ಯರಿಗೆ ತರಬೇತಿ ಆರಂಭವಾಯಿತು. ಅದೇ ಇಂದಿನ ಸಿ.ಎಂ.ಸಿ. ಕರ್ನಾಟಕದ ಎಷ್ಟೋ ಮನೆಗಳಿಂದ, ನಮ್ಮ ಮನೆಗಳಿಂದಲೂ, ರೋಗಿಗಳು ಅಲ್ಲಿಗೆ ಹೋಗುತ್ತಾರೆ.

ಆ ಮೂವರಲ್ಲಿ ನಮ್ಮವಳೂ ಒಬ್ಬಳಿದ್ದಳು ಎಂಬುದನ್ನು ಮರೆಯಬಾರದು. ಅವಳ ಪರ್ದೆ ಉಳಿಯಿತು, ಜೀವ ಉಳಿಯಲಿಲ್ಲ. ಅಂದು ಕೊರತೆಯಿದ್ದದ್ದು ಕರುಣೆಗಲ್ಲ, ಓದಿದ ಹೆಣ್ಣುಮಗಳಿಗೆ.

ನನ್ನ ತರಗತಿಯ ಹುಡುಗಿಯೊಬ್ಬಳು ‘ನರ್ಸ್ ಆಗುತ್ತೇನೆ’ ಎಂದಳು. ಅವಳ ತಂದೆ, ‘ಕಂಡವರ ಮೈ ಮುಟ್ಟುವ ಕೆಲಸ ನಮಗೇಕೆ ಮಾಸ್ತರೇ?’ ಎಂದರು. ನಾನು ಹಜ್ರತ್ ರುಫೈದಾ (ರ.ಅ.) ಅವರ ಹೆಸರು ಹೇಳಿದೆ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಹಜ್ರತ್ ಸಅದ್ ಬಿನ್ ಮುಆಜ್ (ರ.ಅ.) ಅವರನ್ನು ಪ್ರವಾದಿ (ಸ.ಅ.)ಯವರು ಆರೈಕೆಗಾಗಿ ಇರಿಸಿದ್ದು ಆ ಮಹಿಳೆಯ ಗುಡಾರದಲ್ಲೇ. ಆ ತಂದೆ ಸುಮ್ಮನಾದರು. ಒಪ್ಪಿದರೋ ಇಲ್ಲವೋ ಇನ್ನೂ ಹೇಳಿಲ್ಲ. ಇಂದು ಈ ಸಭೆಯಲ್ಲಿ ಅವರಂಥ ಅನೇಕರಿದ್ದಾರೆ.

ಒಂದು ಜೀವ ಉಳಿಸುವುದರ ಬೆಲೆಯನ್ನು ಸೂರಃ ಮಾಯಿದಾ ಇಡೀ ಮಾನವಕುಲಕ್ಕೆ ಹೋಲಿಸುತ್ತದೆ. ಆ ಬೆಲೆ ತಿಳಿದ ನಾವು, ಅನ್ಯರು ಕಟ್ಟಿದ ಆಸ್ಪತ್ರೆಯಲ್ಲಿ ಬರೀ ರೋಗಿಗಳಾಗಿ ಸಾಲು ನಿಂತರೆ ಸಾಕೇ? ನಮ್ಮ ಹೆಣ್ಣುಮಕ್ಕಳು ವೈದ್ಯರಾಗಿ, ದಾದಿಯರಾಗಿ ಎಲ್ಲ ಜಾತಿ ಧರ್ಮದವರ ಹಾಸಿಗೆಯ ಬಳಿ ನಿಲ್ಲಲಿ. ಎಸ್.ಎಸ್.ಎಲ್.ಸಿ. ಮುಗಿಯಿತೆಂದು ಅವರ ಓದು ನಿಲ್ಲಿಸಬೇಡಿ. ನಡುರಾತ್ರಿ ಯಾರಾದರೂ ಬಾಗಿಲು ತಟ್ಟಿದರೆ ಎದ್ದು ಹೋಗುವವಳು ನಮ್ಮ ಮನೆಯಲ್ಲೂ ಇರಲಿ.