ಆ ಮೊದಲ ನೂಕು ಕೊಟ್ಟವರು ಯಾರು?

ನಂಜನಗೂಡಿನಲ್ಲೋ ಟಿ. ನರಸೀಪುರದಲ್ಲೋ ಕೂತು ರೇಡಿಯೊವನ್ನು 100.6ಕ್ಕೆ ತಿರುಗಿಸಿದರೆ ಮೈಸೂರು ಆಕಾಶವಾಣಿ ಮಾತಾಡುತ್ತದೆ. ಆ ಅಂಕಿಯ ಅರ್ಥವೇನು ಗೊತ್ತೇ ಮಕ್ಕಳೇ? ನಿಲಯದ ಆಂಟೆನಾದಲ್ಲಿ ವಿದ್ಯುತ್ತು ಸೆಕೆಂಡಿಗೆ ಹತ್ತು ಕೋಟಿ ಆರು ಲಕ್ಷ ಸಲ ಹಿಂದೆ ಮುಂದೆ ಓಲಾಡುತ್ತಿದೆ ಎಂದು. ನೀವು ಒಮ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಕೋಟಿ ಸಲಕ್ಕಿಂತ ಹೆಚ್ಚು ಓಲಾಡಿ ಮುಗಿಸಿರುತ್ತದೆ.

ಹೀಗೆ ವಿದ್ಯುತ್ತನ್ನು ಬಿಡದೆ ಓಲಾಡಿಸುವ ಸರ್ಕಿಟ್ಟಿಗೆ ಆಂದೋಲಕ ಎನ್ನುತ್ತಾರೆ. ಆಸಿಲೇಟರ್ ಎಂದರೂ ಅದೇ. ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ 30 ವಾಟ್‌ನ ಪುಟ್ಟ ಪ್ರೇಷಕ, ಅಂದರೆ ಟ್ರಾನ್ಸ್‌ಮಿಟರ್, ಇಟ್ಟುಕೊಂಡು 'ಆಕಾಶವಾಣಿ' ಶುರುಮಾಡಿದರು. ಆಗ ಓಲಾಡಿಸುವ ಕೆಲಸ ಗಾಜಿನ ವಾಲ್ವುಗಳದು. ಈಗ ಆ ಕೆಲಸ ಮಾಡುವ ಟ್ರಾನ್ಸಿಸ್ಟರ್ ಹುಟ್ಟಿದ್ದು 1947ರ ಡಿಸೆಂಬರಿನಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ನಮ್ಮ ಬೆಂಗಳೂರಿನ ಬಿಇಎಲ್ ಕಾರ್ಖಾನೆ 1962ರಲ್ಲಿ ಟ್ರಾನ್ಸಿಸ್ಟರಿನಂಥ ಜರ್ಮೇನಿಯಂ ಸಾಧನಗಳನ್ನು ತಯಾರಿಸತೊಡಗಿತು.

ಆಂದೋಲಕ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಜೋಕಾಲಿಯನ್ನು ನೆನೆಯಿರಿ. ಒಮ್ಮೆ ನೂಕಿ ಬಿಟ್ಟರೆ ಅದು ತೂಗಿ ತೂಗಿ ನಿಲ್ಲುತ್ತದೆ. ಪ್ರತಿ ಸಲ ಹಿಂದಕ್ಕೆ ಬಂದಾಗ ಸರಿಯಾದ ಗಳಿಗೆಯಲ್ಲಿ ಒಂದಿಷ್ಟು ನೂಕಿದರೆ ನಿಲ್ಲುವುದೇ ಇಲ್ಲ. ಸರ್ಕಿಟ್ಟಿನಲ್ಲಿ ತೂಗುವ ಕೆಲಸ ತಂತಿಯ ಸುರುಳಿ ಮತ್ತು ಕೆಪಾಸಿಟರಿನದು. ಹೊತ್ತು ನೋಡಿ ನೂಕುವ ಕೆಲಸ ಟ್ರಾನ್ಸಿಸ್ಟರಿನದು. ಅದು ಹೊರಹೋಗುವ ವಿದ್ಯುತ್ತಿನ ಒಂದು ಪಾಲನ್ನು ತಿರುಗಿ ಒಳಗೆ ಪಡೆದು, ಹಿಗ್ಗಿಸಿ ಮತ್ತೆ ಕೊಡುತ್ತದೆ.

ಇಂಥ ಸರ್ಕಿಟ್ಟನ್ನು ಬೆಸುಗೆ ಹಾಕುವ ಮೊದಲೇ ಕಂಪ್ಯೂಟರಿನಲ್ಲಿ ಓಡಿಸಿ ನೋಡಬಹುದು. ಇದಕ್ಕೆಂದೇ ಇರುವ ತಂತ್ರಾಂಶವೇ ಸಿಮ್ಯುಲೇಟರ್. ಹೆಸರಾದದ್ದು 'ಸ್ಪೈಸ್'. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಲಾರೆನ್ಸ್ ನೇಗಲ್ ಎಂಬ ವಿದ್ಯಾರ್ಥಿ, ಡೊನಾಲ್ಡ್ ಪೆಡರ್ಸನ್ ಎಂಬ ಗುರುವಿನ ಕೈಕೆಳಗೆ ಬರೆದದ್ದು, ಹೊರಬಂದದ್ದು 1973ರಲ್ಲಿ. ಅದರ ವಂಶದ 'ಎನ್‌ಜಿ ಸ್ಪೈಸ್' ಇವತ್ತು ಉಚಿತ. ಐಐಟಿ ಮುಂಬೈಯವರು ಅದನ್ನೇ ಬಳಸಿ 'ಇ-ಸಿಮ್' ಎಂಬ ತಂತ್ರಾಂಶ ಮಾಡಿದ್ದಾರೆ. ಅದಕ್ಕೂ ದುಡ್ಡು ಕೊಡಬೇಕಿಲ್ಲ. ಶಾಲೆಯ ಕಂಪ್ಯೂಟರಿನಲ್ಲಿ ಹಾಕಿಕೊಡಿ ಎಂದು ನಿಮ್ಮ ಮೇಷ್ಟ್ರನ್ನು ಧೈರ್ಯವಾಗಿ ಕೇಳಿ.

ಸಿಮ್ಯುಲೇಟರ್ ಮಾಡುವುದು ಬರೀ ಲೆಕ್ಕ. ತಂತಿಗಳು ಕೂಡುವ ಒಂದೊಂದು ಜಾಗದಲ್ಲೂ ಒಳಬಂದ ವಿದ್ಯುತ್ತು, ಹೊರಹೋದ ವಿದ್ಯುತ್ತು ಸಮ ಇರಬೇಕು. ಇದು ವಿಜ್ಞಾನಿ ಕಿರ್ಚಾಫ್ 1845ರಲ್ಲಿ ಹೇಳಿದ ನಿಯಮ. ಸಮ ಬರುವ ತನಕ ಕಂಪ್ಯೂಟರ್ ಊಹಿಸುತ್ತದೆ, ತಿದ್ದುತ್ತದೆ, ಮತ್ತೆ ಊಹಿಸುತ್ತದೆ. ಸಮ ಬಂತೋ, ಕಾಲವನ್ನು ಒಂದು ಚೂರು ಮುಂದೆ ಸರಿಸಿ ಮತ್ತೆ ಅದೇ ಲೆಕ್ಕ.

ಈಗ ನನಗೆ ತುಂಬ ಇಷ್ಟವಾದ ಭಾಗಕ್ಕೆ ಬರೋಣ. ಎರಡು ಬಿಸಿ547 ಟ್ರಾನ್ಸಿಸ್ಟರ್, 47 ಕಿಲೋಓಮ್‌ನ ಎರಡು ಮತ್ತು 1 ಕಿಲೋಓಮ್‌ನ ಎರಡು ರೆಸಿಸ್ಟರ್, 10 ಮೈಕ್ರೊಫ್ಯಾರಡ್‌ನ ಎರಡು ಕೆಪಾಸಿಟರ್, 4.5 ವೋಲ್ಟ್. ಇದು ಪುಸ್ತಕಗಳಲ್ಲಿ ಸಿಗುವ ಮಲ್ಟಿವೈಬ್ರೇಟರ್. ಒಂದು ಟ್ರಾನ್ಸಿಸ್ಟರ್ ಹೊತ್ತಿದಾಗ ಇನ್ನೊಂದು ಆರುತ್ತದೆ, ಆಮೇಲೆ ಅದಲುಬದಲು. ಇದನ್ನು ಪರದೆಯ ಮೇಲೆ ಬರೆದು ಓಡಿಸಿ. ಬಹಳ ಸಲ ಏನೂ ಆಗುವುದಿಲ್ಲ! ನೆಟ್ಟಗೆ ಒಂದು ಗೆರೆ, ಅಷ್ಟೆ. ಚಿತ್ರದಲ್ಲಿ ತಪ್ಪಿಲ್ಲ. ಆದರೂ ಓಲಾಟವಿಲ್ಲ.

ಏಕೆಂದರೆ ಕಂಪ್ಯೂಟರಿನಲ್ಲಿ ಎಡಗಡೆ ಮತ್ತು ಬಲಗಡೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅದು ಮೊದಲು ಎಲ್ಲವೂ ತಣ್ಣಗಿರುವ ಒಂದು ಸ್ಥಿತಿಯನ್ನು ಹುಡುಕುತ್ತದೆ. ಎರಡೂ ಟ್ರಾನ್ಸಿಸ್ಟರು ಒಟ್ಟಿಗೆ ಹೊತ್ತಿರುವ ಸ್ಥಿತಿ ಸಿಕ್ಕುತ್ತದೆ. ಅಲ್ಲಿಂದ ಕದಲಲು ಯಾರಿಗೂ ಕಾರಣವೇ ಇಲ್ಲ. ಮೇಜಿನ ಮೇಲಿನ ನಿಜವಾದ ಸರ್ಕಿಟ್ಟಿನ ಕಥೆ ಬೇರೆ. ಒಂದೇ ಪೊಟ್ಟಣದಿಂದ ತೆಗೆದ ಎರಡು ಬಿಸಿ547 ಕೂಡ ಒಂದೇ ಥರ ಇರುವುದಿಲ್ಲ. ಈ ಜಾತಿಯ ಟ್ರಾನ್ಸಿಸ್ಟರಿನ ವರ್ಧನೆ, ಅಂದರೆ ಹಿಗ್ಗಿಸುವ ಪ್ರಮಾಣ, 110ರಿಂದ 800ರವರೆಗೆ ಎಷ್ಟಾದರೂ ಇರಬಹುದೆಂದು ತಯಾರಕರೇ ಹೇಳುತ್ತಾರೆ. ಸೆಲ್ ತಗುಲಿಸಿದ ಕ್ಷಣದಲ್ಲೇ ಒಂದು ಗಡೆ ಚೂರು ಮುಂದಾಗುತ್ತದೆ, ಇನ್ನೊಂದನ್ನು ಆರಿಸುತ್ತದೆ, ಆಟ ಶುರು.

ಸುರುಳಿಯಿರುವ ರೇಡಿಯೊ ಆಂದೋಲಕದಲ್ಲಿ ಇದು ಇನ್ನೂ ಸೊಗಸು. ಅಲ್ಲಿ ಮೊದಲ ನೂಕು ಕೊಡಲು ಬಿಸಿಯೊಂದೇ ಸಾಕು. ಯಾವ ವಸ್ತುವಿನಲ್ಲೇ ಆಗಲಿ, ಶಾಖ ಇರುವಷ್ಟು ಕಾಲ ಎಲೆಕ್ಟ್ರಾನುಗಳು ಸುಮ್ಮನಿರುವುದಿಲ್ಲ, ಗೊತ್ತುಗುರಿಯಿಲ್ಲದೆ ಚಡಪಡಿಸುತ್ತವೆ. ಹಾಗಾಗಿ ಯಾವ ರೆಸಿಸ್ಟರಿನ ಎರಡು ತುದಿಗಳ ನಡುವೆಯೂ ಅತಿ ಸಣ್ಣ ವೋಲ್ಟೇಜು ಏರಿಳಿಯುತ್ತಲೇ ಇರುತ್ತದೆ. ಬೆಲ್ ಪ್ರಯೋಗಾಲಯದ ಜಾನ್ಸನ್ ಇದನ್ನು ಅಳೆದು 1928ರಲ್ಲಿ ಪ್ರಕಟಿಸಿದರು. ಎರಡು ನಿಲಯಗಳ ನಡುವೆ ರೇಡಿಯೊ 'ಶ್' ಎನ್ನುತ್ತದಲ್ಲ, ಆ ಸದ್ದಿನಲ್ಲಿ ಈ ಚಡಪಡಿಕೆಯ ಪಾಲೂ ಇದೆ. ಆಂದೋಲಕ ಆ ಗದ್ದಲದಿಂದ ತನಗೆ ಬೇಕಾದ ಓಲಾಟವೊಂದನ್ನೇ ಹೆಕ್ಕಿಕೊಂಡು, ಹಿಗ್ಗಿಸಿ, ಮತ್ತೆ ಹಿಗ್ಗಿಸಿ ದೊಡ್ಡದು ಮಾಡುತ್ತದೆ. ಸಿಮ್ಯುಲೇಟರಿನ ಲೆಕ್ಕದಲ್ಲಿ, ನಾವಾಗಿ ಸೇರಿಸದಿದ್ದರೆ, ಈ ಚಡಪಡಿಕೆ ಇರುವುದಿಲ್ಲ.

ಹಾಗಾದರೆ ನೂಕುವವರು ನಾವೇ. ಮಲ್ಟಿವೈಬ್ರೇಟರಿನ ಒಂದು ಟ್ರಾನ್ಸಿಸ್ಟರಿನ ಬೇಸ್ ಎಂಬ ಕಾಲು ಆರಂಭದಲ್ಲಿ ಸೊನ್ನೆ ವೋಲ್ಟ್ ಇರಲಿ ಎಂದು ಆರಂಭಿಕ ಸ್ಥಿತಿಯನ್ನು ಕೊಡಿ. ಓಡಿಸಿ. ಗೆರೆ ಎದ್ದು ಬಿದ್ದು ಚೌಕಗಳಾಗುತ್ತದೆ. ಒಂದು ಸುತ್ತಿಗೆ 1.4 ಗುಣಿಸು 47 ಕಿಲೋಓಮ್ ರೆಸಿಸ್ಟರ್ ಗುಣಿಸು ಕೆಪಾಸಿಟರ್ ಎಂಬ ಸೂತ್ರ 0.66 ಸೆಕೆಂಡ್ ಹೇಳುತ್ತದೆ, ಪರದೆ 0.7 ಆಸುಪಾಸು ತೋರಿಸುತ್ತದೆ. ಟ್ರಾನ್ಸಿಸ್ಟರ್ ಹೊತ್ತಲು ಬೇಸ್‌ಗೆ ಸುಮಾರು 0.65 ವೋಲ್ಟ್ ಬೇಕು ಎಂಬುದನ್ನು ಸೂತ್ರ ಬಿಟ್ಟುಬಿಟ್ಟಿದೆ, ಸಿಮ್ಯುಲೇಟರ್ ಬಿಟ್ಟಿಲ್ಲ. ಇನ್ನೊಂದು ವಿಷಯ: ಸ್ಪೈಸ್ ತಾನಾಗಿ ಹಿಡಿಯುವ ಉಷ್ಣತೆ 27 ಡಿಗ್ರಿ. ಟಿ. ನರಸೀಪುರದ ಬೇಸಿಗೆ ಮಧ್ಯಾಹ್ನಕ್ಕೆ ಅದನ್ನು 37 ಮಾಡಿ ನೋಡಿ. ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್‌ನಂತೆ ಆ 0.65 ಕೂಡ ಇಳಿಯುತ್ತದೆ.

100.6ರ ಓಲಾಟವನ್ನೂ ಪರದೆಯ ಮೇಲೆ ಬರಿಸಬಹುದು. 0.1 ಮೈಕ್ರೊಹೆನ್ರಿ ಸುರುಳಿ, 25 ಪಿಕೊಫ್ಯಾರಡ್ ಕೆಪಾಸಿಟರ್ ಸೇರಿದರೆ ಹೆಚ್ಚುಕಡಿಮೆ ಅಲ್ಲಿಗೇ ಬರುತ್ತದೆ. ಅಲ್ಲಿ ಒಂದು ಸುತ್ತಿಗೆ ಹಿಡಿಯುವುದು ಸೆಕೆಂಡಿನ ಹತ್ತು ಕೋಟಿಯಲ್ಲೊಂದು ಭಾಗ. ಕಾಲದ ಹೆಜ್ಜೆಯನ್ನು ಅದಕ್ಕಿಂತ ಬಹಳ ಚಿಕ್ಕದಾಗಿಡದಿದ್ದರೆ ಪರದೆ ಸುಳ್ಳು ಹೇಳುತ್ತದೆ. ಇದನ್ನು ಪರದೆಯಲ್ಲೇ ಮಾಡಿ. ಪರವಾನಗಿಯಿಲ್ಲದೆ ನಿಜವಾದ ಪ್ರೇಷಕ ನಡೆಸುವುದಕ್ಕೆ ಕಾನೂನಿನ ಒಪ್ಪಿಗೆಯಿಲ್ಲ.

ದೊಡ್ಡವರಿಗೆ ಇದು ಬರೀ ಆಟವಲ್ಲ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಆಸ್ಟ್ರಿಯಾದ ಎಟಿ ಅಂಡ್ ಎಸ್ ಕಂಪನಿಯ ಕಾರ್ಖಾನೆಯಿದೆ; ಅಲ್ಲಿ ತಯಾರಾಗುವುದು ಮುದ್ರಿತ ಸರ್ಕಿಟ್ ಬೋರ್ಡುಗಳು. ಬೋರ್ಡಿನ ಮೇಲೆ ತಾಮ್ರದ ಗೆರೆ ಒಮ್ಮೆ ಮೂಡಿದ ಮೇಲೆ ಅಳಿಸಿ ಬರೆಯುವುದು ಕಷ್ಟ. ಅದಕ್ಕೇ ಸರ್ಕಿಟ್ ರೂಪಿಸುವ ಎಂಜಿನಿಯರುಗಳು ಬೋರ್ಡ್ ಮಾಡಿಸುವ ಮೊದಲು ಸಿಮ್ಯುಲೇಟರಿನಲ್ಲಿ ಓಡಿಸಿ ನೋಡುತ್ತಾರೆ.

ಪರದೆಯಲ್ಲಿ ನೋಡಿಯಾದ ಮೇಲೆ ಮೂರು ಪೆನ್ಸಿಲ್ ಸೆಲ್ ತಂದು ಅದೇ ಮಲ್ಟಿವೈಬ್ರೇಟರನ್ನು ಕೈಯಾರೆ ಕಟ್ಟಿ. ಗೋಡೆಯ ಪ್ಲಗ್ಗಿನ ತಂಟೆಗೆ ಮಾತ್ರ ಹೋಗಬೇಡಿ. 1 ಕಿಲೋಓಮ್ ಜೊತೆಗೆ ಒಂದೊಂದು ಎಲ್‌ಇಡಿ ಸೇರಿಸಿ, ನಿಮಿಷಕ್ಕೆ ಎಷ್ಟು ಸಲ ಮಿನುಗಿತು ಎಂದು ಎಣಿಸಿ ಬರೆದಿಡಿ. ಪರದೆ ಹೇಳಿದ್ದಕ್ಕಿಂತ ಬೇಗ ಮಿನುಗುತ್ತದೆ, ಏಕೆಂದರೆ ಎಲ್‌ಇಡಿ ಒಂದಷ್ಟು ವೋಲ್ಟೇಜನ್ನು ತಾನೇ ಇಟ್ಟುಕೊಳ್ಳುತ್ತದೆ. ಸಿಮ್ಯುಲೇಟರಿಗೂ ಎಲ್‌ಇಡಿ ಸೇರಿಸಿ ಮತ್ತೆ ಓಡಿಸಿ. ಆಮೇಲೂ ವ್ಯತ್ಯಾಸ ಉಳಿದರೆ ಕೆಪಾಸಿಟರನ್ನು ಅನುಮಾನಿಸಿ: ಮೈಮೇಲೆ 10 ಎಂದು ಬರೆದುಕೊಂಡದ್ದು ಒಳಗೆ 8ರಿಂದ 12ರವರೆಗೆ ಎಷ್ಟಾದರೂ ಇರಬಹುದು.